ಬ್ಯಾಳಿಯ ಪಾತೇಲಿ ಮತ್ತು ಎಡಬಲದ ದೀಪ

ನಮ್ಮ ಅಡುಗೆಮನೆಗೆ ಆರು ಚಕ್ರಗಳಿದ್ದವು. ಈ ಮಾತು ಹೇಳಿದರೆ ಈಗಿನ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ನಗಲಿ ಬಿಡಿ. ನಾನೂ ಆಗ ನಗುನಗುತ್ತಲೇ ರೊಟ್ಟಿ ಬಡಿದವಳು. ನಕ್ಕಷ್ಟೇ ಬೈದವಳೂ ಹೌದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಥೆಯಲ್ಲಿ ನನ್ನ ಬಾಯಿ ಕೇಳಿ ಗಾಬರಿಯಾದೀರಿ.

ಬರ ಬಿದ್ದ ವರ್ಷಗಳು ಅವು. ನನ್ನ ಗಂಡ ಅಲ್ಲಿಯವರೆಗೆ ಖಾಸಗಿ ಬಸ್ಸುಗಳ ಡ್ರೈವರ್. ನಾನು ಬೀದರದ ಅಂಚಿನ ನೌಬಾದದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲೇ ಒಂದು ಚಿಕ್ಕ ಖಾನಾವಳಿ ನಡೆಸುತ್ತಿದ್ದೆ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಇಷ್ಟೇ. ಉಣ್ಣಲು ಬರುತ್ತಿದ್ದವರು ಕೂಲಿಯವರು. ಅವರೇ ಕೆಲಸ ಹುಡುಕಿಕೊಂಡು ರಸ್ತೆ ಕಾಮಗಾರಿಗೆ, ಕೆರೆ ಹೂಳೆತ್ತಲು ಭಾಲ್ಕಿಯ ಕಡೆ, ಔರಾದದ ಕಡೆ ಹೊರಟುಹೋದರು. ಪಡಸಾಲೆ ಖಾಲಿ. ಬಡಿದ ರೊಟ್ಟಿ ಒಣಗಿ ಚಟ್ಟನೆ ಮುರಿಯತೊಡಗಿದಾಗ ಇವರು ಒಂದು ದಿನ ಹೇಳಿದರು: "ಉಣ್ಣೋರು ಬರಲ್ಲಾಂದ್ರ ನಾವೇ ಹೋಗೂಣು."

ಹೋಗೋಣ ಎಂದವರು ಗುಜರಿಯಿಂದ ಒಂದು ಮುದಿ ಬಸ್ಸು ತಂದು ಮನೆ ಮುಂದೆ ನಿಲ್ಲಿಸಿದರು! ಅದರ ಬಣ್ಣ ಏನಿತ್ತೆಂದು ಅದಕ್ಕೇ ಗೊತ್ತಿರಲಿಲ್ಲ. ಸೀಟು ಕಿತ್ತು, ಹಿಂದಿನ ಅರ್ಧದಲ್ಲಿ ಒಲೆಯ ಕಟ್ಟೆ, ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿಗಳನ್ನು ಹಗ್ಗ ಹಾಕಿ ಬಿಗಿದೆವು. ಮುಂದಿನ ಅರ್ಧದಲ್ಲಿ ಉಣ್ಣುವವರಿಗೆ ಎರಡು ಉದ್ದ ಬೆಂಚು. ಅದರ ಮುಂದೆ ಡ್ರೈವರನ ಜಾಗ. ಹೊಗೆ, ಘಾಟು ಮುಂದಕ್ಕೆ ಬರಬಾರದೆಂದು ಅಡುಗೆಯ ಭಾಗಕ್ಕೆ ಅಡ್ಡಲಾಗಿ ತಗಡಿನ ಗೋಡೆ ಹೊಡೆಸಿದರು. ಆ ತಗಡೇ ನಮ್ಮ ಸಂಸಾರದ ಮೊದಲ ಜಗಳ.

ಜಗಳ ಏಕೆಂದರೆ, ಬ್ಯಾಳಿಯನ್ನು ನಾನು ಮನೆಯಲ್ಲೇ ಬೇಯಿಸಿ ದೊಡ್ಡ ಪಾತೇಲಿಯಲ್ಲಿ ತುಂಬಿಕೊಂಡು ಹೊರಡುತ್ತಿದ್ದೆ. ಬಸ್ಸು ಓಡುವಾಗ ಒಲೆ ಹಚ್ಚುವಂತಿಲ್ಲ, ಅದು ನಮ್ಮ ನೇಮ. ಹಾಗಾಗಿ ದಾರಿಯುದ್ದಕ್ಕೂ ನನ್ನ ಕೆಲಸ ಒಂದೇ, ಆ ಪಾತೇಲಿಯನ್ನು ಹಿಡಿದು ಕೂರುವುದು. ನೇರ ರಸ್ತೆಯಲ್ಲಿ ಪಾಪ, ಅದು ಸುಮ್ಮನಿರುತ್ತಿತ್ತು. ಇವರು ಸರಕ್ಕನೆ ಎಲ್ಲಾದರೂ ತಿರುಗಿಸಿದರೋ, ಮುಚ್ಚಳ ಹಾರಿ ಬ್ಯಾಳಿ ನೆಲಕ್ಕೆ. ನಾನು ಕೂಗಿದರೆ ತಗಡಿನಾಚೆ ಕೇಳದು. ಎಂಜಿನ್ನಿನ ಗದ್ದಲ ಬೇರೆ. ಮೊಬೈಲು ಎಂಬುದು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ.

"ತಿರುಗಿಸೂದಕ್ಕಿಂತ ಮೊದಲ ಒಂದು ಮಾತು ಹೇಳಾಕ ನಿಮ್ಮ ಬಾಯಾಗ ಅಡಕಿ ಅದೇನ್ರಿ?" ಎಂದೆ.

"ನಾ ಹೇಳ್ತೇನಿ, ನಿನಗ ಕೇಳಬೇಕಲ್ಲ!" ಎಂದರು ಇವರು.

ಆಮೇಲೆ ಇವರೇ ಒಂದು ಉಪಾಯ ಮಾಡಿದರು. ಬಸ್ಸಿನ ಹಿಂದೆ ಎಡಬಲಕ್ಕೆ ತಿರುಗುವ ದೀಪಗಳು ಇರುತ್ತವಲ್ಲ, ಅವುಗಳ ವೈರಿನಿಂದಲೇ ಒಂದೊಂದು ಕವಲು ತೆಗೆದು ನನ್ನ ಎಡಕ್ಕೊಂದು, ಬಲಕ್ಕೊಂದು ಸಣ್ಣ ದೀಪ ಕೂರಿಸಿದರು. ಮುಂದೆ ಇವರು ಸ್ವಿಚ್ ಒತ್ತಿದರೆ ಹೊರಗಿನ ದೀಪದ ಜೊತೆ ನನ್ನ ದೀಪವೂ ಮಿಣಮಿಣ ಎನ್ನುತ್ತಿತ್ತು. ನನಗೆ ಎಂಥಾ ಖುಷಿ! ಬಳೆ ಮಾಡಿಸಿಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಮಾರನೆಯ ದಿನವೇ ಎಡಗಡೆಯ ದೀಪ ಹತ್ತಿತು, ನಾನು ತಟ್ಟನೆ ಪಾತೇಲಿಯ ಎಡಗಡೆ ಗಟ್ಟಿಯಾಗಿ ಹಿಡಿದೆ. ಬಸ್ಸು ಎಡಕ್ಕೆ ತಿರುಗಿತು. ಪಾತೇಲಿ ಬಲಕ್ಕೆ ವಾಲಿತು. ಬ್ಯಾಳಿ ಮತ್ತೆ ನೆಲದ ಮೇಲೆ.

ಬಸ್ಸು ಇಳಿದು ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಹೇಳಿದ್ದನ್ನಷ್ಟೇ ಬರೆಯುತ್ತೇನೆ: "ಬಸ್ ಯಾಕಡಿ ಹೊಂಟದ ಅನ್ನೋದು ನನಗ ಬ್ಯಾಡ್ರಿ. ನನ್ನ ಪಾತೇಲಿ ಯಾಕಡಿ ವಾಲ್ತದ, ಅಷ್ಟ ಹೇಳ್ರಿ."

ಇವರು ತಲೆ ಕೆರೆದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ತೂರಿ, ಸ್ವಿಚ್ಚಿನ ಎರಡು ವೈರುಗಳನ್ನು ಅದಲುಬದಲು ಮಾಡಿದರು. ಅಷ್ಟೇ. ಈಗ ಬಸ್ಸು ಎಡಕ್ಕೆ ಹೊರಟರೆ ನನಗೆ ಬಲಗಡೆಯ ದೀಪ ಹತ್ತುತ್ತಿತ್ತು. ನಾನು ಬಲಗಡೆ ಹಿಡಿಯುತ್ತಿದ್ದೆ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಆದರೆ ಒಳಗಿನ ದೀಪ ಹೊರಗಿನ ದೀಪದ ಕವಲಲ್ಲವೇ? ಸ್ವಿಚ್ಚಿನಲ್ಲೇ ಬದಲಿಸಿದ ಮೇಲೆ ಹೊರಗಿನದೂ ಉಲ್ಟಾ ಆಯಿತು. ಬಸ್ಸು ಎಡಕ್ಕೆ ಹೊರಟರೆ ಹಿಂದೆ ಬರುವವರಿಗೆ ಬಲಗಡೆಯ ದೀಪ!

ಇದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಕೇಳಿದರೆ ಇವರು, "ಹೊರಗಿನ ದೀಪ ಯಾರು ನೋಡ್ತಾರ ತಗೀ" ಎಂದರು.

ಎಲ್ಲರೂ ನೋಡುತ್ತಿದ್ದರು. ಭಾಲ್ಕಿಯ ಆಟೋದವರು, ಔರಾದದ ಜೀಪಿನವರು, ಸಂತೆಗೆ ಎತ್ತಿನ ಬಂಡಿ ಹೂಡಿಕೊಂಡು ಬರುವ ಮುದುಕರು, ಎಲ್ಲರೂ. ಒಂದೆರಡು ಸಲ ಬೈದು, ಆಮೇಲೆ ಕಲಿತುಬಿಟ್ಟರು. "ಅದು ರೊಟ್ಟಿ ಬಸ್ಸು. ಎಡಕ್ಕ ಹಾಕ್ಯಾರಂದ್ರ ಬಲಕ್ಕ ಹೊಂಟಾರಂತ ತಿಳ್ಕೋ" ಎಂದು ಹೊಸ ಡ್ರೈವರುಗಳಿಗೆ ಹಳಬರು ಕಲಿಸಿಕೊಡುತ್ತಿದ್ದರಂತೆ. ಉಲ್ಟಾ ಬಸ್ಸು ಎಂದೇ ನಮ್ಮ ಹೆಸರಾಯಿತು. ಕಾಮಗಾರಿಯ ಜನ ದೂರದಿಂದಲೇ ದೀಪ ನೋಡಿ ತಟ್ಟೆ ತೊಳೆದಿಟ್ಟುಕೊಳ್ಳುತ್ತಿದ್ದರು.

ಹೀಗೆ ಚೆನ್ನಾಗಿಯೇ ನಡೆದಿತ್ತು. ಬರ ಇನ್ನೂ ಬಿಗಿಯಾಯಿತು. ಮಾಂಜ್ರಾ ನದಿಯ ಸೇತುವೆ ದಾಟುವಾಗ ಕೆಳಗೆ ನೀರಿರಲಿಲ್ಲ, ಹುಡುಗರು ಮರಳಲ್ಲಿ ಕ್ರಿಕೆಟ್ ಆಡುತ್ತಿದ್ದರು. ಊರೂರಿನ ಗಂಡಸರು ಹೈದರಾಬಾದಿಗೆ, ಪುಣೆಗೆ ಹೊರಟರು. ಕೆಲವರು ಹೆಂಡರು ಮಕ್ಕಳ ಸಮೇತ, ಬಹಳಷ್ಟು ಮಂದಿ ಒಬ್ಬೊಬ್ಬರೇ. ಇವರಿಗೂ ಹೈದರಾಬಾದಿನಿಂದ ಹಳೆಯ ಗೆಳೆಯನೊಬ್ಬ ಡ್ರೈವರ್ ನೌಕರಿ ಇದೆ, ಇರಲು ಒಂದೇ ಖೋಲಿಯಲ್ಲಿ ಆರು ಗಂಡಸರ ಜೊತೆ ಜಾಗ ಇದೆ ಎಂದು ಹೇಳಿ ಕಳಿಸಿದ. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ. ಅಷ್ಟರಲ್ಲಿ ಗಾಡಿಯ ಪಾಸಿಂಗ್ ಬಂತು. ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯವಾಗಿದೆ ಎಂದು ಸಾರಿಗೆ ಕಚೇರಿಯ ಸಾಹೇಬರು ನೋಡಿ ಸಹಿ ಹಾಕಬೇಕು, ಅದೇ ಪಾಸಿಂಗ್. ಸಾಹೇಬರು ಇವರಿಂದ ಎಡಕ್ಕೆ ದೀಪ ಹಾಕಿಸಿದರು. ಬಲಕ್ಕೆ ಹತ್ತಿತು. ಬ್ರೇಕ್ ಒತ್ತಿಸಿದರು. ಏನೂ ಹತ್ತಲಿಲ್ಲ. ಮುಂದಿನ ಎರಡು ದೀಪಗಳಲ್ಲಿ ಒಂದು ಆಕಾಶ ನೋಡುತ್ತಿತ್ತು.

"ಎಲ್ಲಾ ದೀಪ, ಎಲ್ಲಾ ಸ್ವಿಚ್ ಹೊಸದು ಹಾಕಿಸ್ಕೊಂಡು ಬಾ. ಮುಂದಿನ ಸಲ ಸರಿ ಇಲ್ಲಂದ್ರ ಗಾಡಿ ಸೀದಾ ಗುಜರಿಗೆ" ಎಂದರಂತೆ.

ಆ ಸಂಜೆ ಇವರು ಉಣ್ಣುತ್ತಾ, ತಟ್ಟೆ ನೋಡುತ್ತಾ ಹೇಳಿದರು. ಪಾಸಿಂಗ್ ಆದರೆ ಸರಿ. ಆಗದಿದ್ದರೆ ತಾವು ಹೈದರಾಬಾದಿಗೆ ಹೋಗುವುದು. ನಾನು ಜನವಾಡದಲ್ಲಿ ಅತ್ತೆಯ ಮನೆಯಲ್ಲಿರುವುದು. ಮಳೆ ಆದ ಮೇಲೆ ನೋಡಿದರಾಯಿತು.

"ಮಳಿ ಯಾವಾಗ ಆಗ್ತದಂತ ನಿಮಗೇನರ ಹೇಳ್ಯಾದೇನು?" ಎಂದೆ. ಇವರು ಕೈ ತೊಳೆಯಲು ಎದ್ದರು.

ನಮ್ಮತ್ತೆ ಬಂಗಾರದಂಥವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಜನವಾಡ ಬೇಕಿರಲಿಲ್ಲ. ನನಗೆ ಆ ಬಸ್ಸು ಬೇಕಿತ್ತು, ಬಸ್ಸಿನ ಮುಂದಿನ ಸೀಟಿನಲ್ಲಿ ಈ ಮನುಷ್ಯ ಬೇಕಿದ್ದರು. ತಗಡಿನಾಚೆ ಕೂತು ದಿನವಿಡೀ ದೀಪದಲ್ಲೇ ಮಾತಾಡಿಸುವ ಗಂಡನನ್ನು ಬಿಟ್ಟು ನಾನು ಯಾರ ಜೊತೆ ಜಗಳ ಆಡಲಿ? ಆ ಸಂಜೆ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ತೊಳೆದೆ.

ನೌಬಾದದಲ್ಲೇ ಗಾಡಿಗಳ ವೈರಿಂಗ್ ಮಾಡುವ ಚಾಚಾ ಒಬ್ಬರಿದ್ದರು. ಗಡ್ಡಕ್ಕೆ ಮದರಂಗಿ, ಬಾಯಲ್ಲಿ ಎಲೆ, ಮಾತು ಶುರುವಾದರೆ ನಿಲ್ಲದು. ಕೆಲಸಕ್ಕಿಂತ ಮಾತೇ ಮೊದಲು ಮುಗಿಯಬೇಕು. ಅವರು ಡ್ಯಾಶ್‌ಬೋರ್ಡ್ ಬಿಚ್ಚಿದೊಡನೆ, "ಯಾ ಅಲ್ಲಾ! ಈ ವೈರಿಂಗ್ ಯಾವ ಕತ್ತೆ ಮಾಡ್ಯಾದ?" ಎಂದರು.

ಇವರು ಬೇವಿನ ಮರದ ಕಡೆ ತಿರುಗಿ, ಅದರಲ್ಲಿ ಹೊಸದೇನೋ ಕಂಡವರ ಹಾಗೆ ನೋಡುತ್ತಾ ನಿಂತರು. ನಾನು ಸೆರಗು ಕಚ್ಚಿಕೊಂಡು ನಗು ತಡೆದೆ.

ಚಾಚಾ ಹಳೆಯದನ್ನೆಲ್ಲ ಕಿತ್ತರು. ಬಣ್ಣ ಹೋದ, ಇಲಿ ಕಡಿದ, ಗಂಟು ಹಾಕಿದ ವೈರುಗಳ ರಾಶಿಯೇ ಆಯಿತು. ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚುಗಳ ಬದಲು ಸ್ಟೇರಿಂಗಿನ ಪಕ್ಕದಲ್ಲೇ ಒಂದು ಹಿಡಿಕೆ ಕೂರಿಸಿದರು. ಅದನ್ನು ಕೆಳಗೆ ಒತ್ತಿದರೆ ಒಂದು ಕಡೆ, ಮೇಲೆತ್ತಿದರೆ ಇನ್ನೊಂದು ಕಡೆ. ಬಸ್ಸು ತಿರುಗಿ ನೇರವಾದ ಮೇಲೆ ಹಿಡಿಕೆ ತಾನೇ ಜಾಗಕ್ಕೆ ಬರುತ್ತಿತ್ತು. ಅದೇ ಹಿಡಿಕೆಯಿಂದ ಮುಂದಿನ ದೀಪ ಏರಿಸುವುದು, ಇಳಿಸುವುದು. ನಾಲ್ಕು ಮೂಲೆಯ ದೀಪ ಒಟ್ಟಿಗೆ ಮಿಣುಗಲು ಒಂದು ಕೆಂಪು ಗುಂಡಿ. ಒಂದೊಂದು ದೀಪಕ್ಕೂ ಒಂದೊಂದು ಬಣ್ಣದ ವೈರು, ಒಂದೊಂದು ಫ್ಯೂಸು. ನನ್ನ ಎರಡು ದೀಪಗಳಿಗೂ ಹೊರಗಿನದರ ಕವಲೇ. ಟಿಕ್ ಟಿಕ್ ಎನ್ನುವ ಸದ್ದು ಬೇರೆ. ಇವರು ಹೊಸ ಆಟಿಕೆ ಸಿಕ್ಕವರಂತೆ ನಿಂತ ಬಸ್ಸಿನಲ್ಲೇ ಕೂತು ಎಡ, ಬಲ, ಎಡ, ಬಲ ಹಾಕಿ ನೋಡಿದ್ದೇ ನೋಡಿದ್ದು.

"ಬ್ಯಾಟ್ರಿ ತಿಂದು ಮುಗಿಸ್ತೀ ಏನಪಾ?" ಎಂದು ಚಾಚಾ ಬೈದ ಮೇಲೆ ಇಳಿದರು.

ಮಾರನೆಯ ಬೆಳಿಗ್ಗೆ ಭಾಲ್ಕಿಯ ಸಂತೆ. ಹೊಸ ದೀಪದ ಸಡಗರದಲ್ಲಿ ನಮ್ಮಿಬ್ಬರಿಗೂ ಮುಖ್ಯವಾದದ್ದೇ ಮರೆತುಹೋಗಿತ್ತು. ಭಾಲ್ಕಿ ಬಂತು. ಸಂತೆ ಮೈದಾನಕ್ಕೆ ಎಡಕ್ಕೆ ತಿರುಗಬೇಕು. ನನ್ನ ಎಡಗಡೆಯ ದೀಪ ಝಗ್ಗನೆ ಹತ್ತಿತು. ಪಾತೇಲಿ ಎಡಕ್ಕೆ ವಾಲುತ್ತದೆಂದು ನಾನು ಎಡಗಡೆ ಹಿಡಿದೆ. ಹಿಂದೆ ನಮ್ಮ ಖಾಯಂ ಗಿರಾಕಿ, ಜೀಪಿನ ಡ್ರೈವರ್ ಬರುತ್ತಿದ್ದ. ಎಡಗಡೆಯ ದೀಪ ನೋಡಿ, ಓಹೋ ಉಲ್ಟಾ ಬಸ್ಸು ಬಲಕ್ಕೆ ಹೊರಟಿದೆ ಎಂದು ಎಡಗಡೆಯಿಂದ ನುಗ್ಗಿದ. ಇವರು ಎಡಕ್ಕೆ ತಿರುಗಿಸಿದರು. ಎರಡೂ ಗಾಡಿಯ ಬ್ರೇಕು ಕಿರ್ರೆಂದವು. ಅಂಗೈ ಅಗಲದಲ್ಲಿ ಉಳಿದೆವು. ಬ್ಯಾಳಿ ಉಳಿಯಲಿಲ್ಲ. ಅರ್ಧ ನೆಲಕ್ಕೆ, ಅರ್ಧ ನನ್ನ ಸೀರೆಗೆ.

ನಾನು ಬ್ಯಾಳಿ ಸುರಿಯುವ ಸೀರೆಯಲ್ಲೇ ಸೌಟು ಹಿಡಿದು ಇಳಿದೆ. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜೀಪಿನವನೇ ಶುರುಮಾಡಿದ:

"ಅಕ್ಕಾ, ಮೊದಲ ಹೇಳಬೇಕಲ್ಲರಿ! ಇಷ್ಟು ವರ್ಷ ಉಲ್ಟಾ ಹಾಕಿ, ಇವತ್ತ ಒಮ್ಮಿಂದೊಮ್ಮೆಲೆ ಸೀದಾ ಹಾಕಿದ್ರ ನಾವು ಏನು ತಿಳ್ಕೋಬೇಕು?"

ಸುತ್ತ ನೆರೆದವರೆಲ್ಲ ಅವನ ಪರವೇ. "ಖರೆ ಅದ, ಖರೆ ಅದ, ತಪ್ಪು ಬಸ್ಸಿಂದೇ ಅದ" ಎಂದು ಪಂಚಾಯಿತಿ. ಸರಿಯಾಗಿ ದೀಪ ಹಾಕಿದ ಗಂಡನನ್ನು ಸರಿಯಾಗಿ ಹಾಕಿದ್ದಕ್ಕೇ ಊರೆಲ್ಲ ಬೈಯುತ್ತಿತ್ತು. ಇವರ ಮುಖ ನೋಡಿ ನನಗೆ ಸಿಟ್ಟು ಎಲ್ಲಿ ಹೋಯಿತೋ, ಬಿದ್ದು ಬಿದ್ದು ನಕ್ಕೆ. ಜೀಪಿನವನಿಗೆ ಆ ದಿನ ಬ್ಯಾಳಿ ಇಲ್ಲದೆ ಹಿಂಡಿ ಹಚ್ಚಿ ರೊಟ್ಟಿ ಕೊಟ್ಟೆ.

ನೌಬಾದಕ್ಕೆ ಮರಳಿ ಮತ್ತೆ ಚಾಚಾನ ಹತ್ತಿರ ಹೋದೆವು. ಈ ಸಲ ಇವರನ್ನು ಬೇವಿನ ಮರ ನೋಡಲು ಬಿಡಲಿಲ್ಲ, ನಾನೇ ಎಲ್ಲ ಹೇಳಿದೆ. ತಗಡು, ಪಾತೇಲಿ, ಅದಲುಬದಲು ವೈರು, ಎಲ್ಲ. ಚಾಚಾ ಮೊದಲು ಬಾಯಿಯ ಎಲೆ ಉಗುಳಿ ಬಂದರು, ಆಮೇಲೆ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಬೇಟಿ, ಇಷ್ಟ ಮೊದಲೇ ಹೇಳಿದ್ರ ಆಗ್ತಿತ್ತಲ್ಲ! ರಸ್ತಾದ ದೀಪ ರಸ್ತಾಕ್ಕ ಇರಲಿ. ಬ್ಯಾಳಿ ದೀಪ ಅಷ್ಟ ಉಲ್ಟಾ ಮಾಡ್ತೇನಿ."

ಹಾಗೇ ಮಾಡಿದರು. ಹೊರಗೆ ಎಡ ಎಂದರೆ ಎಡ. ಒಳಗೆ ನನಗೆ ಬಲ. ಎಲ್ಲ ಮುಗಿಸಿ ಎದ್ದವರು, "ಮತ್ತ ಏನರ ಬೇಕೇನು ಬೇಟಿ?" ಎಂದರು.

ನನ್ನ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು: "ಇವರದು ನನಗ ತಿಳೀತದ ಚಾಚಾ. ನಂದು ಇವರಿಗೆ ತಿಳಿಯಂಗಿಲ್ಲ. ಇಷ್ಟು ವರ್ಷ ಬರೇ ಇವರೇ ಮಾತಾಡ್ಯಾರ."

ಚಾಚಾ ಹಳೆಯ ರಾಶಿಯಿಂದ ಒಂದು ಸ್ವಿಚ್ಚು ಹೆಕ್ಕಿ, ಉಳಿದ ವೈರು ಎಳೆದು, ಪಾತೇಲಿಯ ಪಕ್ಕದಲ್ಲಿ ನನ್ನ ಕೈಗೆ ಎಟುಕುವಂತೆ ಕೂರಿಸಿದರು. ನಾನು ಒತ್ತಿದರೆ ಇವರ ಎದುರಿಗೆ ಒಂದು ಪುಟ್ಟ ದೀಪ ಹತ್ತುತ್ತಿತ್ತು. ಒಮ್ಮೆ ಒತ್ತಿದರೆ ನಿಲ್ಲಿಸಿ. ಎರಡು ಸಲ ಒತ್ತಿದರೆ ಹೊರಡಿ. ಬೇರೇನೂ ನಾವು ಮಾತಾಡಿಕೊಂಡಿರಲಿಲ್ಲ.

ಪಾಸಿಂಗಿನ ತನಕ ನನಗೆ ಇನ್ನೊಂದು ಕೆಲಸ. ಭಾಲ್ಕಿಯಲ್ಲಿ, ಔರಾದದಲ್ಲಿ, ಕಾಮಗಾರಿಯ ಜಾಗದಲ್ಲಿ, ಒಂದೊಂದು ತಟ್ಟೆ ಕೈಗಿಡುವಾಗಲೂ ಸಾರಿದ್ದೇ ಸಾರಿದ್ದು: "ಇನ್ಮ್ಯಾಲ ನಮ್ಮ ಬಸ್ ಸೀದಾ ಆಗ್ಯಾದ್ರಿ. ಎಡ ಅಂದ್ರ ಎಡ, ಬಲ ಅಂದ್ರ ಬಲ. ನೆಪ್ಪಿರಲಿ." ಭಾಲ್ಕಿಯ ತರಕಾರಿ ಮಾರುವ ಅಜ್ಜಿ ರೊಟ್ಟಿ ಮುರಿಯುತ್ತಾ, "ಬಸ್ಸೇನೋ ಸೀದಾ ಆತು ತಂಗಿ, ನಿನ್ನ ಬಾಯಿ ಯಾವಾಗ ಆಗ್ತದ?" ಎಂದಳು. ಎಲ್ಲರೂ ಹೋ ಎಂದರು. ಅವಳಿಗೆ ಒಂದು ಸೌಟು ಬ್ಯಾಳಿ ಹೆಚ್ಚಿಗೆ ಹಾಕಿದೆ.

ಪಾಸಿಂಗಿನ ದಿನ ಬಂತು. ಬೀದರದ ಹೊರಗಿನ ಬಯಲು, ಕೆಂಪು ಮಣ್ಣು, ಬೆಳಿಗ್ಗೆಯೇ ಸುಡುವ ಬಿಸಿಲು. ಪಾಸಾದರೆ ಅಲ್ಲಿಂದಲೇ ಔರಾದದ ಸಂತೆಗೆ ಹೋಗುವುದೆಂದು ಬ್ಯಾಳಿಯ ಪಾತೇಲಿ ಜೊತೆಗೇ ಇತ್ತು. ಪಾಸಾಗದಿದ್ದರೆ? ನನ್ನ ಸೀರೆಗಳ ಗಂಟೂ ಬಸ್ಸಿನಲ್ಲಿತ್ತು. ಜನವಾಡ ಔರಾದದ ದಾರಿಯಲ್ಲೇ ಬರುತ್ತದೆ, ಅಲ್ಲಿ ಎಡಕ್ಕೆ ತಿರುಗಿದರೆ ಅತ್ತೆಯ ಮನೆ. ನನ್ನನ್ನು ಅಲ್ಲಿ ಇಳಿಸಿ ಇವರು ಹೊರಡುವುದೆಂದು ಮಾತಾಗಿತ್ತು.

ತಲೆಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡ ಸಾಹೇಬರು ಬಸ್ಸಿನ ಸುತ್ತ ಬಂದರು. ಎಡ ಹತ್ತಿತು. ಬಲ ಹತ್ತಿತು. ಬ್ರೇಕಿನ ಕೆಂಪು ಹತ್ತಿತು. ನಾಲ್ಕೂ ಒಟ್ಟಿಗೆ ಮಿಣುಗಿದವು. ನಾನು ಒಳಗೆ ಪಾತೇಲಿ ಹಿಡಿದು ಕೂತು ಮನೆದೇವರನ್ನು ನೆನೆಯುತ್ತಿದ್ದೆ. ಆಗ ಸಾಹೇಬರು ಹಿಂದಿನ ಬಾಗಿಲಿನಿಂದ ಹತ್ತಿ ಒಳಗೇ ಬಂದುಬಿಟ್ಟರು. ಅವರು ಮತ್ತೊಮ್ಮೆ ಹಾಕಿಸಿದ್ದ ಎಡಗಡೆಯ ದೀಪ ಹೊರಗೆ ಇನ್ನೂ ಮಿಣುಗುತ್ತಿತ್ತು. ಒಳಗೆ ನನ್ನ ಬಲಗಡೆಯದು.

"ಏನಿದು? ಹೊರಗ ಎಡಕ್ಕದ, ಒಳಗ ಬಲಕ್ಕದ? ಮತ್ತ ಉಲ್ಟಾ ಮಾಡಿರೇನು? ಇದು ಪಾಸ್ ಆಗಂಗಿಲ್ಲ."

ಸೀರೆಯ ಗಂಟು ಕಣ್ಣೆದುರಿಗೇ ಇತ್ತು. ಹೆದರಿದಾಗ ನನ್ನ ಬಾಯಿ ಇನ್ನೂ ಜೋರಾಗುತ್ತದೆ, ಅದು ನನ್ನ ಹುಟ್ಟುಗುಣ.

"ಸಾಹೇಬ್ರ, ಅದು ರಸ್ತಾದ ದೀಪ ಅಲ್ರಿ, ಬ್ಯಾಳಿ ದೀಪ! ಬರೇ ನೋಡಿದ್ರ ತಿಳಿಯಂಗಿಲ್ಲ. ಕೂಡ್ರಿ ಇಲ್ಲಿ. ಪಾತೇಲಿ ಹಿಡೀರಿ. ಒಂದು ಸುತ್ತು ಹೋಗಿಬರೂಣು. ಆಮ್ಯಾಲ ನಿಮ್ಮ ಮನಸ್ಸಿಗೆ ಬಂದದ್ದು ಬರ್ಕೊಳ್ರಿ."

ಅವರಿಗೆ ಹಾಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ನನ್ನ ಮಣೆಯ ಮೇಲೆ ಕೂತೇಬಿಟ್ಟರು. ನಾನು ಸ್ವಿಚ್ ಎರಡು ಸಲ ಒತ್ತಿದೆ. ಓಡಿಸಿ ತೋರಿಸಬೇಕೆಂದು ತಿಳಿದು ಇವರು ಬಯಲು ಸುತ್ತಲು ಹೊರಟರು. ಪಾಪ, ಹಿಂದೆ ಪಾತೇಲಿ ಹಿಡಿದು ಕೂತವರು ಯಾರೆಂದು ಇವರಿಗೇನು ಗೊತ್ತು?

ಬಯಲಿನ ಅಂಚಿನಲ್ಲಿ ಬಲಗಡೆಯ ದೀಪ ಹತ್ತಿತು. "ಬಲಗಡಿ ಹಿಡೀರಿ" ಎಂದೆ. ಸಾಹೇಬರು ಹೊರಗಿನ ಲೆಕ್ಕದವರು, ಎಡಗಡೆ ಹಿಡಿದರು. ಬಸ್ಸು ಎಡಕ್ಕೆ ತಿರುಗಿತು. ಬ್ಯಾಳಿ ಎದ್ದು ಅವರ ಬಿಳಿ ತೋಳಿನ ಮೇಲೆ ಬಿತ್ತು. ಅಯ್ಯ ಶಿವನೇ, ಮುಗಿಯಿತು, ಹೈದರಾಬಾದೇ ಗತಿ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಸಾಹೇಬರು ತೋಳನ್ನು ನೋಡಿಕೊಂಡರು. ದೀಪ ಮತ್ತೆ ಹತ್ತಿತು, ಬಲಗಡೆಯೇ. ಈ ಸಲ ಅವರು ಬಲಗಡೆಯೇ ಹಿಡಿದರು. ಬಸ್ಸು ತಿರುಗಿತು. ಪಾತೇಲಿ ಅಲ್ಲಾಡಲಿಲ್ಲ. ಇನ್ನೊಂದು ತಿರುವು, ಈಗ ಎಡಗಡೆಯ ದೀಪ. ನಾನು ಹೇಳುವ ಮೊದಲೇ ಅವರ ಕೈ ಎಡಕ್ಕೆ ಹೋಗಿತ್ತು. ಅಷ್ಟರಲ್ಲಿ ಅವರ ಮುಖದ ಮೇಲೆ ನಗು ಬಂದಿತ್ತು. ಪಾತೇಲಿ ಬಿಡದೆ, "ಭಾರಿ ಮಜಾ ಅದ ಬಿಡ್ರಿ ಇದು" ಎಂದರು.

ನಾನು ಸ್ವಿಚ್ ಒಮ್ಮೆ ಒತ್ತಿದೆ, ಬಸ್ಸು ನಿಂತಿತು. ಎಂಜಿನ್ನು ಇನ್ನೂ ಗುರುಗುಟ್ಟುತ್ತಿತ್ತು. ಸಾಹೇಬರು ಪಾತೇಲಿಯ ಮುಚ್ಚಳದ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. "ಒಳಗಿನ ದೀಪಕ್ಕ ಹಸಿರು ಕಾಗದ ಅಂಟಿಸ್ರಿ, ಹೊರಗಿನವರಿಗೆ ಗೊಂದಲ ಆಗಬಾರದು" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಒಂದು ರೊಟ್ಟಿ ಇದ್ರ ಕೊಡ್ರಿ, ಬ್ಯಾಳಿ ರುಚಿ ಹತ್ಯಾದ" ಎಂದರು. ತೋಳಿಗೆ ಬಿದ್ದದ್ದನ್ನು ನೆಕ್ಕಿದ್ದರೋ ಏನೋ.

ಇವರು ಮುಂದೆ ಕೂತು ಏನು ತಿಳಿದಿದ್ದರೋ. ನನಗೆ ಈಗಲೇ ಹೇಳಬೇಕಿತ್ತು. ಒಮ್ಮೆ ಒತ್ತಿದರೆ ನಿಲ್ಲಿಸಿ, ಎರಡು ಸಲ ಒತ್ತಿದರೆ ಹೊರಡಿ. ಪಾಸಾಯಿತು ಎನ್ನಲು ಎಷ್ಟು ಸಲ ಒತ್ತಬೇಕು? ನಾನು ಒತ್ತಿದೆ, ಒತ್ತುತ್ತಲೇ ಇದ್ದೆ. ಎಂಜಿನ್ನು ನಿಂತಿತು. ಇವರು ಬಿದ್ದಂಬೀಳ ಓಡಿ ಬಂದು ಹಿಂದಿನ ಬಾಗಿಲಲ್ಲಿ ನಿಂತರು. ರೊಟ್ಟಿ ತಿನ್ನುತ್ತಿದ್ದ ಸಾಹೇಬರನ್ನು, ಅವರ ತೋಳಿನ ಹಳದಿ ಕಲೆಯನ್ನು ನೋಡಿ ಇವರ ಮುಖ ಬಿಳಿಚಿಕೊಂಡಿತು.

"ಏನಾತು? ಚೆಲ್ಲಿತೇನು?"

"ಚೆಲ್ಲಿತ್ರಿ," ಎಂದೆ. "ನಿಮ್ಮ ಹೈದರಾಬಾದ್ ನೌಕರಿ ಚೆಲ್ಲಿಹೋತು."

ಕಾಗದ ಕೈಗೆ ಕೊಟ್ಟೆ. ಇವರು ಓದಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಸಾಹೇಬರ ಎದುರಿಗೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಈ ಮನುಷ್ಯನಿಗೂ ಹೋಗುವ ಮನಸ್ಸಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಅಷ್ಟು ದಿನ ಒಂದು ಮಾತು ಆಡಿರಲಿಲ್ಲ.

ಔರಾದಕ್ಕೆ ಹೊರಟೆವು. ನಾನು ಪಾತೇಲಿ ಹಿಡಿದು ಕೂತೆ. ಜನವಾಡದ ಮನೆಗಳು ಕಿಟಕಿಯಲ್ಲಿ ಕಂಡವು. ಬಸ್ಸು ನಿಧಾನವಾಯಿತು. ಎಡಕ್ಕೆ ತಿರುಗಿದರೆ ಅತ್ತೆಯ ಮನೆ. ಪಾಸಾಗಿದೆ, ಕಾಗದ ಇದೆ, ಎಲ್ಲ ಗೊತ್ತು. ಆದರೂ ನಾನು ಬಲಗಡೆಯ ದೀಪವನ್ನೇ ನೋಡುತ್ತಾ ಉಸಿರು ಹಿಡಿದೆ. ದೀಪ ಹತ್ತಲಿಲ್ಲ. ಬಸ್ಸು ನೇರವಾಗಿ ಹೋಯಿತು.

ಊರು ದಾಟಿದ ಮೇಲೆ ರಸ್ತೆ ನೇರ. ಒಂದು ತಿರುವಿಲ್ಲ, ಎದುರಿಗೆ ಒಂದು ಗಾಡಿಯಿಲ್ಲ. ಆಗ ಬಲಗಡೆಯ ದೀಪ ಹತ್ತಿತು. ನಾನು ಬಲಗಡೆ ಹಿಡಿದೆ. ಪಾತೇಲಿ ವಾಲಲಿಲ್ಲ. ಎಡಗಡೆಯದು ಹತ್ತಿತು. ಎಡಗಡೆ ಹಿಡಿದೆ. ವಾಲಲಿಲ್ಲ. ಬಲ, ಎಡ, ಬಲ, ಎಡ. ಹಿಂದೆ ಯಾವುದೋ ಜೀಪು ಪೇಂ ಪೇಂ ಎಂದು ಹಾರ್ನ್ ಬಾರಿಸಿ ಬೈಯತೊಡಗಿತು. ಇದು ತಿರುವಿನ ದೀಪವಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ತಿಳಿಯಿತು. "ಹುಚ್ಚು ಹಿಡದದ ಈ ಮನುಷ್ಯಾಗ!" ಎಂದು ಒಬ್ಬಳೇ ಜೋರಾಗಿ ಬೈದೆ, ನಗು ತಡೆಯಲಾಗಲಿಲ್ಲ. ಆಮೇಲೆ ಪಾತೇಲಿ ಬಿಟ್ಟು ನನ್ನ ಸ್ವಿಚ್ಚಿಗೆ ಕೈ ಹಾಕಿದೆ.